ಅಂಗೈಯೊಳಗಿನ ತಿರುಪು

ಓಲೆಯ ತಿರುಪು ಕೈಜಾರಿ ಬಿದ್ದು, ಅದನ್ನು ಹುಡುಕಿದ ಅನುಭವ ನಿಮಗೂ ಇದ್ದೇ ಇರುತ್ತದೆ. ಇಲ್ಲವೆಂದರೆ ನೀವು ಹೆಣ್ಣುಮಕ್ಕಳಿಲ್ಲದ ಮನೆಯಲ್ಲಿ ಬೆಳೆದವರಿರಬೇಕು. ಓಲೆಯೇ ಬಿದ್ದರೆ ಚಿಂತೆಯಿಲ್ಲ, ಬಿದ್ದ ಜಾಗದಲ್ಲೇ ಕೂತಿರುತ್ತದೆ. ಅದಕ್ಕೆ ತನ್ನ ಬೆಲೆ ಗೊತ್ತು. ತಿರುಪಿಗೆ ಆ ಗಾಂಭೀರ್ಯವಿಲ್ಲ. ಮೆಣಸಿನ ಕಾಳಿನಷ್ಟು ಗಾತ್ರ, ಊರಿನಷ್ಟು ತಿರುಗಾಟ. ನೆಲಕ್ಕೆ ಬಿದ್ದಾಗ ಟಿಣ್ ಎಂದು ಒಂದು ಸಲ ಹೇಳುತ್ತದೆ, ನಾವು ಆ ಕಡೆ ತಿರುಗುವಷ್ಟರಲ್ಲಿ ಬೀರುವಿನ ಹಿಂದಕ್ಕೆ ಹೊರಟುಹೋಗಿರುತ್ತದೆ. ಆಮೇಲೆ ಮನೆಯವರೆಲ್ಲ ಮೊಣಕಾಲೂರಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಪೊರಕೆ ಕಡ್ಡಿಯಿಂದ ಧೂಳು, ಹಳೆ ಬಟನ್ನು, ಒಣಗಿದ ಹಲ್ಲಿ ಮೊಟ್ಟೆ ಎಲ್ಲವನ್ನೂ ಹೊರಕ್ಕೆಳೆಯುತ್ತಾರೆ. ತಿರುಪು ಮಾತ್ರ ಬರುವುದಿಲ್ಲ.

ಮೊನ್ನೆ ಸ್ವೆಟರ್ ಒಗೆಯಲು ಹಾಕುವ ಮುಂಚೆ ಜೇಬು ತಡಕಿದೆ. ರೈಲು ಟಿಕೆಟ್ಟಿನ ಚೂರುಗಳ ನಡುವೆ ಒಂದು ತಿರುಪು ಸಿಕ್ಕಿತು. ಈ ಮನೆಯಲ್ಲಿ ಓಲೆ ಹಾಕಿಕೊಳ್ಳುವವರು ಈಗ ಯಾರೂ ಇಲ್ಲ. ನನ್ನ ಹೆಂಡತಿ ಮಂಜುಳ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಅವಳ ಜೊತೆ ಆಸ್ಪತ್ರೆಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದ ಸ್ವೆಟರ್ ಅದು.

ತಿರುಪನ್ನು ಅಂಗೈ ನಡುವೆ ಇಟ್ಟು, ಹೆಬ್ಬೆರಳ ಬುಡದಿಂದ ಸ್ವಲ್ಪವೇ ಒತ್ತಿ, ಕೈ ಮಗುಚಿದೆ. ಬೀಳಲಿಲ್ಲ. ಅದೇ ಕೈಯಲ್ಲಿ ನೀರಿನ ಲೋಟ ಎತ್ತಿದೆ, ಕನ್ನಡಕ ಸರಿಮಾಡಿಕೊಂಡೆ. ಆಗಲೂ ಬೀಳಲಿಲ್ಲ. ನೋಡುವವರಿದ್ದರೆ ನನ್ನ ಕೈ ಖಾಲಿಯೆಂದೇ ಆಣೆ ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ಶುರುಮಾಡಿದ ವಿದ್ಯೆ, ತಲೆ ನರೆತ ಮೇಲೆ ಕೈಹತ್ತಿತು. ಈಗ ಚೆನ್ನಾಗಿಯೇ ಬರುತ್ತದೆ, ತೋರಿಸುವುದಕ್ಕೆ ಯಾರೂ ಇಲ್ಲ.

ಈ ವಿದ್ಯೆಯ ಮೊದಲ ಗುರು ನನ್ನ ಸೋದರಮಾವ ಕೆಂಪಣ್ಣ. ಗುಬ್ಬಿಯಿಂದ ಹಾಗಲವಾಡಿ ಕಡೆಗೆ ಓಡುತ್ತಿದ್ದ ಖಾಸಗಿ ಬಸ್ಸಿನ ಕಂಡಕ್ಟರ್. ಬೇಸಿಗೆ ರಜೆಗೆ ಗುಬ್ಬಿಯ ಅಜ್ಜಿ ಮನೆಗೆ ಹೋದಾಗ ನನ್ನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಆ ಬಸ್ಸಿನಲ್ಲಿ ಜನಕ್ಕಿಂತ ತೆಂಗಿನಕಾಯಿ ಮೂಟೆ ಹೆಚ್ಚು. ಸೆಕೆಗೆ ಯಾವುದಾದರೂ ಮಗು ಚೀರಾಡಲು ಶುರುಮಾಡಿದರೆ ಮಾವ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಅದರ ಹತ್ತಿರ ಹೋಗಿ ಬಗ್ಗಿ ಕಿವಿ ನೋಡುತ್ತಿದ್ದ.

"ಏನವ್ವಾ, ಮಗೀನ ಕಿವಿ ತೊಳ್ದು ಎಷ್ಟ್ ದಿನ ಆಯ್ತು? ಪೆಪ್ಪರ್‌ಮೆಂಟು ಬೆಳ್ಕಂಡೈತಲ್ಲ ಇಲ್ಲಿ!"

ಹಾಗೆನ್ನುತ್ತ ಕಿವಿಯ ಹಿಂದಿನಿಂದ ಒಂದು ಬಿಳಿ ಪೆಪ್ಪರ್‌ಮೆಂಟು ತೆಗೆದು ಮಗುವಿನ ಬಾಯಿಗಿಡುತ್ತಿದ್ದ. ಮಗು ಬಾಯಿ ಮುಚ್ಚುತ್ತಿತ್ತು, ಇಡೀ ಬಸ್ಸು ಬಾಯಿ ತೆರೆಯುತ್ತಿತ್ತು. ಕಂಬಿ ಹಿಡಿದು ನಿಂತು ಗೊಣಗುತ್ತಿದ್ದ ಗೌಡರೂ ನಕ್ಕುಬಿಡುತ್ತಿದ್ದರು. ದೇವರು ಎಂದರೆ ನನಗೆ ಆಗ ಖಾಕಿ ಅಂಗಿ ಹಾಕಿಕೊಂಡು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡಿರುವವನು.

ಹಠ ಹಿಡಿದು ಕಲಿಸು ಎಂದೆ. ಮಾವ ಅಡುಗೆಮನೆಯಿಂದ ಒಂದು ಹುಣಸೆ ಬೀಜ ತಂದು ಕೊಟ್ಟ.

"ನೋಡ್ಲಾ ನಾಗ, ಬೆರಳಲ್ಲಿ ಹಿಡ್ಕಂಡ್ರೆ ಊರಿಗೆಲ್ಲ ಕಾಣ್ತದೆ. ಬೆರಳಿಗೆ ಇದ್ರಾಗೆ ಕೆಲ್ಸ ಇಲ್ಲ. ಅಂಗೈಲಿ ಮಡಿಕ್ಕೋ. ಮಡಿಕ್ಕಂಡ್ ಕೈನ ಸುಮ್ನೆ ಬುಡಬ್ಯಾಡ, ಏನಾರ ಕೆಲ್ಸ ಕೊಡು. ಕೆಲ್ಸ ಮಾಡೋ ಕೈ ಮ್ಯಾಲೆ ಯಾರ್ಗೂ ಅನ್ಮಾನ ಬರಲ್ಲ. ಇನ್ನೊಂದು, ನೀನ್ ಎಲ್ಲಿ ನೋಡ್ತೀಯೋ ಜನ ಅಲ್ಲೇ ನೋಡ್ತಾರೆ. ನಿನ್ ಕೈ ನೀನೇ ನೋಡ್ಕಂಡ್ಯೋ, ಕೆಟ್ಟೆ."

ಇಷ್ಟೇ ವಿದ್ಯೆ. ಕೇಳುವುದಕ್ಕೆ ಎಷ್ಟು ಸುಲಭ ನೋಡಿ. ರಜೆಯಿಡೀ ನಾನು ಹುಣಸೆ ಬೀಜ ಬೀಳಿಸಿಕೊಂಡೇ ಓಡಾಡಿದೆ. ಅಜ್ಜಿ ಗುಡಿಸಿ ಗುಡಿಸಿ ಸಾಕಾಗಿ, "ಈ ಹುಡ್ಗ ನಡ್ದಿದ್ ಕಡೆಯೆಲ್ಲ ಹುಣ್ಸೆ ಮರ ಹುಟ್ತವೆ" ಎಂದಳು. ಕೊನೆಗೆ ಮಾವನೂ ನನ್ನ ಕೈ ಹಿಡಿದು ಮಗುಚಿ ನೋಡಿ ತೀರ್ಪು ಕೊಟ್ಟ. "ಇದು ಕೈಯಲ್ಲ ಕಣ್ಲಾ, ಮೊರ. ಮೊರದಾಗೆ ಹುಣ್ಸೆ ಬೀಜ ನಿಂತ್ಕಂತವಾ?"

ತೀರ್ಪು ಸರಿಯಾಗಿತ್ತು ಎಂದು ಸಾಬೀತಾಗಲು ತಡವಾಗಲಿಲ್ಲ. ತುಮಕೂರಿನ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ನಾನು ಗೆಳೆಯನೊಬ್ಬನ ಟೋಪಿಯೊಳಗಿಂದ ನಿಂಬೆಹಣ್ಣು ಬರಿಸುವುದೆಂದು ಘೋಷಣೆಯಾಯಿತು. ಟೋಪಿಗೆ ಕೈಹಾಕುವ ಮೊದಲೇ ನಿಂಬೆಹಣ್ಣು ನನ್ನ ಅಂಗೈ ಬಿಟ್ಟು, ವೇದಿಕೆಯ ಮೇಲೆ ಉರುಳಿ, ಮುಂದಿನ ಸಾಲಿನಲ್ಲಿದ್ದ ಹೆಡ್‌ಮಾಸ್ಟರ ಕಾಲ ಬಳಿ ಹೋಗಿ ನಿಂತಿತು. ಅವರು ಸಾವಕಾಶವಾಗಿ ಬಗ್ಗಿ ಎತ್ತಿ, "ತಗೊಳ್ಳಪ್ಪಾ, ಉಪ್ಪಿನಕಾಯಿಗಾಗುತ್ತೆ" ಎಂದು ವಾಪಸ್ ಕೊಟ್ಟರು. ಹೈಸ್ಕೂಲು ಮುಗಿಯುವವರೆಗೂ ನಾನು ನಿಂಬೆಹಣ್ಣು ನಾಗರಾಜ.

ಅಂಥವನಿಗೆ ವಿಧಿ ಕೊಟ್ಟ ಕೆಲಸ ಯಾವುದು ಗೊತ್ತೇ? ಅಂತರಸನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಜಾದೂಗಾರನ ಧರ್ಮಕ್ಕೆ ಪೂರಾ ಉಲ್ಟಾ. ಅಲ್ಲಿ ಯಾವ ವಸ್ತುವೂ ಮಾಯವಾಗಬಾರದು, ಯಾವುದೂ ಇದ್ದಕ್ಕಿದ್ದಂತೆ ಪ್ರತ್ಯಕ್ಷವೂ ಆಗಬಾರದು. ಎರಡಕ್ಕೂ ನಾನೇ ಉತ್ತರ ಹೇಳಬೇಕು. ನಟ್ಟು, ಬೋಲ್ಟು, ವಾಷರುಗಳ ನಡುವೆ ನನ್ನ ಆಯಸ್ಸು ಕಳೆಯಿತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ತಪ್ಪದೆ ಮಾಡುತ್ತಿದ್ದ ಒಂದು ಉಪನ್ಯಾಸವಿತ್ತು. "ಕಣ್ಣಿಗೆ ಒಂದೇ ಥರ ಕಾಣ್ತವೆ ಅಂತ ನಟ್ಟು ಎತ್ಕೊಂಡು ಹೋಗ್ಬೇಡಿ. ಒಂದೊಂದರ ಥ್ರೆಡ್ ಒಂದೊಂದು ಥರ. ಇಲ್ಲೇ ಬೋಲ್ಟಿಗೆ ತಿರುಗ್ಸಿ ನೋಡಿ. ಕಚ್ಚಿದ್ರೆ ನಿಮ್ದು, ಕಚ್ಚದಿದ್ರೆ ನಂದು." ಹುಡುಗರು ಹಿಂದಿನಿಂದ ಅಣಕಿಸುತ್ತಿದ್ದರು. ನಾನು ಲೆಕ್ಕಿಸಲಿಲ್ಲ. ನನ್ನ ಕೈಯಿಂದ ಕಚ್ಚದ ನಟ್ಟು ಹೊರಗೆ ಹೋಗಿಲ್ಲವೆಂಬ ಹೆಮ್ಮೆ ರಿಟೈರ್ ಆಗುವವರೆಗೂ ಇತ್ತು.

ಇಷ್ಟರ ನಡುವೆ ಒಂದೇ ಒಂದು ಸಲ ಮಾವನ ವಿದ್ಯೆ ನನ್ನ ಕೈಯಲ್ಲಿ ಫಲಿಸಿತ್ತು. ಅದು ನನ್ನ ಮದುವೆಯ ದಿನ.

ಮಂಜುಳ ಹುಲಿಯೂರುದುರ್ಗದವಳು. ಮದುವೆಯೂ ಅಲ್ಲೇ, ಅವರ ಮನೆ ಮುಂದಿನ ಚಪ್ಪರದಲ್ಲಿ. ಧಾರೆ ಮುಗಿದ ಮೇಲೆ ಬಿಂದಿಗೆಯಲ್ಲಿ ಉಂಗುರ ಹುಡುಕುವ ಶಾಸ್ತ್ರ ನಿಮಗೆ ಗೊತ್ತಲ್ಲ. ಅರಿಶಿನ ಕದಡಿದ ನೀರಿಗೆ ಉಂಗುರ ಹಾಕುತ್ತಾರೆ; ಗಂಡು ಹೆಣ್ಣು ಇಬ್ಬರೂ ಒಟ್ಟಿಗೆ ಕೈಯಿಳಿಸಿ ಹುಡುಕಬೇಕು. ಮೂರು ಸಲ. ಹೆಚ್ಚು ಸಲ ಯಾರಿಗೆ ಸಿಕ್ಕುತ್ತದೋ ಮುಂದೆ ಸಂಸಾರದಲ್ಲಿ ಅವರದೇ ಯಜಮಾನಿಕೆ. ಎರಡೂ ಕಡೆಯ ಹೆಂಗಸರು ಚುನಾವಣೆಯ ಏಜೆಂಟರ ಹಾಗೆ ಸುತ್ತ ಕೂತಿದ್ದರು. ಮೊದಲ ಸಲ ಅವಳಿಗೆ ಸಿಕ್ಕಿತು, ಎರಡನೆಯ ಸಲ ನನಗೆ. ಮೂರನೆಯದಕ್ಕೆ ಮೊದಲು ನಮ್ಮ ದೊಡ್ಡಮ್ಮ ಕಿವಿಯ ಹತ್ತಿರ ಬಂದು, "ಬುಟ್ಬುಡಬ್ಯಾಡ ಕಣೋ, ಗಂಡಿನ್ ಕಡೆ ಮರ್ವಾದೆ ಪ್ರಶ್ನೆ" ಎಂದರು.

ಕೈಯಿಳಿಸಿದ ತಕ್ಷಣ ಉಂಗುರ ನನ್ನ ಬೆರಳಿಗೇ ಸಿಕ್ಕಿತು. ಎತ್ತಬೇಕು ಎನ್ನುವಷ್ಟರಲ್ಲಿ ನೀರಿನೊಳಗೆ ಅವಳ ಕೈ ನನ್ನ ಕೈಗೆ ತಾಗಿತು. ಅದು ನಡುಗುತ್ತಿತ್ತು. ಅಷ್ಟು ಹೊತ್ತೂ ತಲೆಯೆತ್ತದೆ ಕೂತಿದ್ದ ಹುಡುಗಿಗೆ ಇಷ್ಟು ಹೆದರಿಕೆಯಿದೆ ಎಂದು ನನಗೆ ಆಗಲೇ ತಿಳಿದದ್ದು. ಯಾಕೋ ಸಂಕಟವಾಯಿತು. ಮೇಲೆ ಚಪ್ಪರದ ತೆಂಗಿನ ಗರಿ ನೋಡುತ್ತ, ಕೆಳಗೆ ಉಂಗುರವನ್ನು ಅವಳ ಅಂಗೈಗೆ ಜಾರಿಸಿದೆ. ಅವಳ ಬೆರಳುಗಳು ತಟ್ಟನೆ ಮಡಚಿಕೊಂಡವು. ಅರಿಶಿನದ ನೀರು ಸುರಿಯುವ ಮುಷ್ಟಿಯನ್ನು ಅವಳು ಮೇಲೆತ್ತಿದಾಗ ಹೆಣ್ಣಿನ ಕಡೆಯವರ ಕೂಗಿಗೆ ಹೊರಗೆ ಬ್ಯಾಂಡಿನವರೂ ಬಾರಿಸಲು ಶುರುಮಾಡಿದರು.

ಊಟದ ಪಂಕ್ತಿಯಲ್ಲಿ ಕೆಂಪಣ್ಣ ಮಾವ ಪಕ್ಕಕ್ಕೆ ಬಂದು ಕೂತ. "ನಿನ್ ಕಣ್ಣು ಚಪ್ರದ ಮ್ಯಾಲಿತ್ತು ಕಣ್ಲಾ. ಅವಾಗ್ಲೇ ಅಂದ್ಕಂಡೆ, ಕೈ ಏನೋ ಕೆಲ್ಸ ಮಾಡ್ತೈತೆ ಅಂತ." ಹೋಳಿಗೆ ಮುರಿಯುತ್ತ ತಲೆಯಾಡಿಸಿದ. "ಸೋಲೋದಕ್ಕೆ ಈ ವಿದ್ಯೆ ಬಳಸ್ದೋನ್ನ ನಿನ್ನೊಬ್ನನ್ನೇ ನೋಡಿದ್ದು." ಮಾವ ಈಗಿಲ್ಲ. ಈ ಸಂಗತಿಯನ್ನು ನಾನು ಮಂಜುಳೆಗೆ ಕೊನೆಯವರೆಗೂ ಹೇಳಲಿಲ್ಲ. ಮಾತು ಬಂದಾಗಲೆಲ್ಲ ಅವಳು "ಉಂಗ್ರ ಗೆದ್ದೋಳು ನಾನು, ನೆನಪಿರ್ಲಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮನೆಗೆ ಯಾವ ಬಣ್ಣ, ಮಗಳಿಗೆ ಯಾವ ಕಾಲೇಜು, ಸಾರಿಗೆ ಎಷ್ಟು ಹುಳಿ, ಎಲ್ಲವೂ ಆ ಉಂಗುರದ ಬಲದಲ್ಲೇ ತೀರ್ಮಾನವಾದವು. ನನಗೇನೂ ನಷ್ಟವಾಗಲಿಲ್ಲ.

ಮಗಳ ಮದುವೆಯಾಗಿ ಅವಳು ಕುಣಿಗಲ್ ಸೇರಿ, ನಾನು ರಿಟೈರಾಗಿ, ಇನ್ನು ಇಬ್ಬರೂ ಆರಾಮಾಗಿರೋಣವೆಂದು ಕೂತಾಗ ಮಂಜುಳೆಗೆ ಕಾಯಿಲೆ ಬಂತು. ಯಾವ ಕಾಯಿಲೆಯೆಂದು ನಾನು ಹೇಳಬೇಕಿಲ್ಲ. ಹೆಸರೆತ್ತದೆ ಎಲ್ಲರಿಗೂ ಗೊತ್ತಾಗುವಂಥದ್ದು. ಬೆಂಗಳೂರಿನ ಆಸ್ಪತ್ರೆಗೆ ಮೂರು ವಾರಕ್ಕೊಮ್ಮೆ ಹೋಗಿ ಡ್ರಿಪ್ಪಿನಲ್ಲಿ ಔಷಧಿ ಹಾಕಿಸಿಕೊಂಡು ಬರುವುದು. ಕೂದಲು ಹೋಯಿತು, ಅದಕ್ಕೆ ಅವಳು ಅಷ್ಟಾಗಿ ಅಳಲಿಲ್ಲ. "ಎಣ್ಣೆ ಖರ್ಚು ಉಳೀತು" ಎಂದಳು. ಆದರೆ ಆ ಔಷಧಿಗೆ ಬೆರಳ ತುದಿಗಳು ಮರಗಟ್ಟುತ್ತ ಬಂದವು. ಬಿಸಿ ತಿಳಿಯುತ್ತಿರಲಿಲ್ಲ, ನೂಲು ತಿಳಿಯುತ್ತಿರಲಿಲ್ಲ. ಮೊಳ ಮೊಳ ಮಲ್ಲಿಗೆಯನ್ನು ಮಾತಾಡುತ್ತಲೇ ಕಟ್ಟಿ ಎಸೆಯುತ್ತಿದ್ದವಳು ಹೂ ತರಿಸುವುದನ್ನೇ ನಿಲ್ಲಿಸಿದಳು. ಕೇಳಿದರೆ "ಈಗಿನ್ ಹೂಗೆ ವಾಸ್ನೆ ಎಲ್ಲೈತೆ ಬುಡಿ" ಎನ್ನುವಳು.

ಆಸ್ಪತ್ರೆಗೆ ಹೋಗುವ ದಿನ ಮಾತ್ರ ಅವಳು ತನ್ನ ತಾಯಿ ಕೊಟ್ಟ ಕೆಂಪು ಹರಳಿನ ಓಲೆಗಳನ್ನು ಹಾಕಿಕೊಳ್ಳುತ್ತಿದ್ದಳು. ಬೋಳು ತಲೆಗೆ ಸೆರಗು ಹೊದ್ದು, ಕಿವಿಗೆ ಓಲೆ ಹಾಕಿ, ಹಣೆಗಿಟ್ಟು ಹೊರಡಬೇಕು. ರೋಗಿಯ ಹಾಗೆ ಹೋಗಬಾರದೆಂಬ ಹಠ. ಒಂದು ಬೆಳಿಗ್ಗೆ ತಿರುಪು ಬೆರಳಿಂದ ಜಾರಿತು. ನಾನು ಮಂಚದ ಕೆಳಗೆಲ್ಲ ತೆವಳಿ ಹುಡುಕಿ ತರುವಷ್ಟರಲ್ಲಿ ಅವಳು ಮಂಚದ ಮೇಲೆ ಕೂತು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. ಬೇರೆ ಯಾರದೋ ಬೆರಳುಗಳನ್ನು ನೋಡುವ ಹಾಗಿತ್ತು ಆ ನೋಟ.

"ನೋಡ್ರಿ, ಒಂದ್ ಮಾತು ಹೇಳ್ತೀನಿ. ನನ್ ಓಲೆ ನಾನೇ ಹಾಕ್ಕೊಳ್ಳೋಕ್ ಆಗೋವರ್ಗೂ ಬರ್ತೀನಿ. ನೀವು ಓಲೆ ತೊಡ್ಸೋ ದಿನ ಬಂದ್ರೆ ಆಮೇಲೆ ನನ್ನ ಆಸ್ಪತ್ರೆಗೆ ಕರೀಬ್ಯಾಡಿ. ಮನೇಲೇ ಇರ್ತೀನಿ."

"ಏನ್ ಮಾತು ಅಂತ ಆಡ್ತೀಯೆ?" ಎಂದೆ.

"ಉಂಗ್ರ ಗೆದ್ದೋಳ್ ಮಾತು" ಎಂದಳು. ನಗಲಿಲ್ಲ.

ಅವಳ ಹಠ ನನಗೆ ಗೊತ್ತು. ಒಂದು ಮೆಣಸಿನ ಕಾಳಿನಷ್ಟು ಚಿನ್ನದ ಮೇಲೆ ಅವಳ ಪ್ರಾಣ ನಿಂತಿತು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆಂದು ಡಾಕ್ಟರು ನನ್ನೊಬ್ಬನನ್ನೇ ಕೂರಿಸಿ ಹೇಳಿದ್ದರು. ಅಂದರೆ ತಿರುಪು ಇನ್ನು ಬೀಳಕೂಡದು. ಬಿದ್ದರೂ ಬಿದ್ದಂತೆ ಅವಳಿಗೆ ತಿಳಿಯಕೂಡದು. ಸೆರಗಿನ ಮಡಿಕೆಯಲ್ಲೋ ತೊಡೆಯ ಮೇಲೋ ಅದು ತಕ್ಷಣ ಪ್ರತ್ಯಕ್ಷವಾಗಬೇಕು. ಸ್ಟೋರ್‌ಕೀಪರ್ ಬುದ್ಧಿ ಎಲ್ಲಿಗೆ ಹೋದೀತು? ಸ್ಪೇರ್ ಇಲ್ಲದ ಸ್ಟೋರು ಸ್ಟೋರೇ ಅಲ್ಲ. ಓಲೆಯ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಪೇಟೆಯ ಅಕ್ಕಸಾಲಿಗರ ಅಂಗಡಿಗೆ ಹೋದೆ.

"ಇಂಥ ತಿರುಪು ಒಂದು ಹಿಡಿ ಬೇಕು. ಚಿನ್ನದ್ದೇ ಆಗ್ಬೇಕಿಲ್ಲ, ನೋಡೋಕೆ ಹಿಂಗೇ ಇದ್ರೆ ಸಾಕು."

ಆತ ಮೊಬೈಲನ್ನೂ ನನ್ನನ್ನೂ ನೋಡಿದ. "ಓಲೆ ತಂದಿಲ್ವಾ ಸಾರ್? ಕಡ್ಡಿ ಅಳತೆ ನೋಡ್ಬೇಕಲ್ಲ."

ಓಲೆ ತರಬೇಕಾದರೆ ಅವಳಿಗೆ ಹೇಳಬೇಕು. "ಅಳತೆ ಗಿಳತೆ ಏನೂ ಬೇಡ ಕಣಪ್ಪ, ಕಾಣೋದು ಒಂದೇ ಥರ ಕಾಣ್ಲಿ" ಎಂದುಬಿಟ್ಟೆ. ಇಡೀ ಜನ್ಮ ಥ್ರೆಡ್ಡಿನ ಉಪನ್ಯಾಸ ಮಾಡಿದವನು ಆಡಿದ ಮಾತಿದು. ಆ ಹೊತ್ತಿಗೆ ನನ್ನ ತಲೆಯಲ್ಲಿದ್ದುದು ತಿರುಪನ್ನು ಹೇಗೆ ಬರಿಸುವುದು ಎಂಬುದೊಂದೇ. ಬಂದ ಮೇಲೆ ಅದು ಕೂರಬೇಕಲ್ಲ ಎಂಬುದು ಹೊಳೆಯಲೇ ಇಲ್ಲ.

ಆಮೇಲೆ ಅಭ್ಯಾಸ. ಮೊಬೈಲಿನಲ್ಲಿ ಯಾರ್ಯಾರೋ ಹುಡುಗರು ಕೈಚಳಕ ಕಲಿಸುವ ವಿಡಿಯೋಗಳಿದ್ದವು. ಅವರೆಲ್ಲ ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ಹೇಳಿದ್ದು ಮಾವ ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಂತು ಹೇಳಿದ್ದನ್ನೇ. ಬಚ್ಚಲ ಕನ್ನಡಿಯ ಮುಂದೆ ನಿಂತು ತಿರುಪು ಬೀಳಿಸಿದೆ, ಹೆಕ್ಕಿದೆ, ಮತ್ತೆ ಬೀಳಿಸಿದೆ. ಕೆಲವು ಬಚ್ಚಲ ಮೋರಿಯಲ್ಲಿ ಸಮಾಧಿಯಾದವು. ಮೊರವನ್ನು ಬಟ್ಟಲು ಮಾಡುವ ಕೆಲಸ ಅದು. ಆದರೆ ಈ ಸಲ ಚಪ್ಪಾಳೆಗಾಗಿ ಕಲಿಯುತ್ತಿರಲಿಲ್ಲ. ಅದಕ್ಕೇ ಇರಬೇಕು, ನಿಧಾನಕ್ಕೆ ಅಂಗೈಗೆ ಬುದ್ಧಿ ಬಂತು.

ಒಂದು ಮಧ್ಯಾಹ್ನ ಸಿಕ್ಕಿಬಿದ್ದೆ. "ಏನ್ರೀ ಅದು, ಕೈ ತಿರುವ್ತಾ ಕೂತ್ಬುಟ್ಟಿದೀರ?" ಎಂದು ಮಂಜುಳ ಬಾಗಿಲಲ್ಲಿ ನಿಂತಿದ್ದಳು. ಅದೃಷ್ಟಕ್ಕೆ ಆಗ ಕೈಯಲ್ಲಿದ್ದುದು ಹುಣಸೆ ಬೀಜ. ಕುಣಿಗಲ್‌ನ ಮೊಮ್ಮಗಳಿಗೆ ತೋರಿಸಲು ಎಂದೆ. ಕೆಂಪಣ್ಣ ಮಾವನ ಕಥೆಯನ್ನೂ ಹೇಳಿದೆ, ಉಂಗುರದ್ದನ್ನು ಬಿಟ್ಟು.

"ನಂಗೂ ಹೇಳ್ಕೊಡಿ. ಅಜ್ಜೀನೂ ಏನಾದ್ರು ತೋರ್ಸ್ಬೇಕಲ್ಲ."

ಆ ಮರಗಟ್ಟಿದ ಬೆರಳಿಗೆ ಇದೆಲ್ಲಿ ಎಂದು ಮನಸ್ಸಿಗೆ ಬಂತು. ಹೇಗೆ ಹೇಳಲಿ? ಮಾವನ ಮಾತನ್ನೇ ಒಪ್ಪಿಸಿದೆ. ಬೆರಳಿಗೆ ಕೆಲಸವಿಲ್ಲ, ಅಂಗೈಯಲ್ಲಿಟ್ಟುಕೋ. ಕೈಗೆ ಬೇರೆ ಏನಾದರೂ ಕೆಲಸ ಕೊಡು. ಜನ ಎಲ್ಲಿ ನೋಡಬೇಕೋ ಅಲ್ಲಿ ನೀನು ನೋಡು. ಅವಳು ಅಂದೆಲ್ಲ ಬೀಜ ಬೀಳಿಸಿದಳು. ಬೀಳಿಸಿದಾಗಲೆಲ್ಲ ಇಬ್ಬರೂ ನಕ್ಕೆವು. ಕಾಯಿಲೆ ಬಂದ ಮೇಲೆ ಹಾಗೆ ನಕ್ಕ ದಿನ ಅದೊಂದೇ. "ನಿಮ್ ಮಾವ ಸರ್ಯಾಗೇ ಹೇಳವ್ರೆ ಕಣ್ರಿ" ಎಂದಳು. ಬೀಜವನ್ನು ವಾಪಸ್ ಕೊಡಲಿಲ್ಲ, ಎಲ್ಲೋ ಇಟ್ಟುಕೊಂಡಳು.

ಮುಂದಿನ ಸಲ ಹೊರಟಾಗ ತಿರುಪು ಬಿತ್ತು. ಟಿಣ್ ಎನ್ನುವ ಮುಂಚೆ ನಾನು ಗಟ್ಟಿಯಾಗಿ ಕೆಮ್ಮಿದೆ. "ಎಲ್ ಹೋಯ್ತು?" ಎಂದು ಅವಳು ಗಾಬರಿಯಾಗುವಷ್ಟರಲ್ಲಿ ಸೆರಗಿಗೆ ಕೈಹಾಕಿ, "ಎಲ್ಲೂ ಬಿದ್ದಿಲ್ಲ ಕಣೇ, ಇಲ್ಲೇ ಸಿಕ್ಕೊಂಡಿದೆ ನೋಡು" ಎಂದು ತೆಗೆದು ಕೊಟ್ಟೆ. ಅವಳು ಅದನ್ನು ತೆಗೆದುಕೊಂಡು, ಎರಡೂ ಕೈ ಕಿವಿಯ ಹಿಂದಕ್ಕೊಯ್ದು, ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. "ಗ್ಯಾಸ್ ಆಫ್ ಮಾಡಿದ್ರಾ?" ನಾನು ಅಡುಗೆಮನೆಗೆ ಓಡಿ ನೋಡಿಬಂದೆ. ಬರುವಷ್ಟರಲ್ಲಿ ಓಲೆ ಕಿವಿಯಲ್ಲಿತ್ತು.

ಗೆದ್ದೆ ಎಂದುಕೊಂಡೆ. ಆಟೋದಲ್ಲಿ ಸ್ಟೇಷನ್ನಿಗೆ ಹೋಗುವಾಗ ಆ ನಿಂಬೆಹಣ್ಣಿನ ಹೆಡ್‌ಮಾಸ್ಟರು ಈಗ ಇರಬೇಕಿತ್ತು ಎಂದು ಆಸೆಯಾಯಿತು.

ಹಾಗೆ ಆ ಚಿಕಿತ್ಸೆ ಸಾಗಿತು. ಪ್ರತಿ ಸಲವೂ ಒಂದೋ ಎರಡೋ ತಿರುಪು ಬೀಳುವುದು, ನಾನು ಸೆರಗಿನಿಂದಲೋ ಹಾಸಿಗೆಯ ಮಡಿಕೆಯಿಂದಲೋ ತಿರುಪು ಬರಿಸುವುದು. ನಿಜವಾಗಿ ಬಿದ್ದವನ್ನು ನಾನು ಹುಡುಕಲೇ ಹೋಗುತ್ತಿರಲಿಲ್ಲ. ನೆಲದ ಮೇಲೆ ತೆವಳಿದರೆ ಗುಟ್ಟು ರಟ್ಟಾಗುತ್ತದಲ್ಲ. ಓಲೆ ಹಾಕಿಕೊಳ್ಳುವಾಗಲೆಲ್ಲ ಅವಳಿಗೆ ಏನಾದರೂ ಒಂದು ನೆನಪಾಗುತ್ತಿತ್ತು. ಫೈಲ್ ಇಟ್ಕೊಂಡ್ರಾ, ಹಿತ್ತಲ ಬಾಗ್ಲು ಹಾಕಿದ್ರಾ, ಹಾಲಿನೋನಿಗೆ ಹೇಳಿದ್ರಾ. ನಾನು ಫೈಲನ್ನೋ ಬಾಗಿಲನ್ನೋ ನೋಡಿ ತಿರುಗುವಷ್ಟರಲ್ಲಿ ಓಲೆ ಕೂತಿರುತ್ತಿತ್ತು. ಔಷಧಿಯಿಂದ ಇವಳಿಗೆ ಮರೆವೂ ಬರುತ್ತಿದೆ ಎಂದು ಮರುಗಿದೆ.

ಒಂದು ಸಲ ಮಾತ್ರ ಗುಟ್ಟು ರಟ್ಟಾಯಿತೆಂದುಕೊಂಡೆ. ಗುಡಿಸುತ್ತಿದ್ದವಳು ಒಂದು ತಿರುಪು ಎತ್ತಿ ಹಿಡಿದು, "ರೀ, ಎರಡೂ ಓಲೆಗೆ ಇದಾವಲ್ಲ, ಇದು ಯಾರ್ದು?" ಎಂದಳು.

"ಹಳೇದಿರ್ಬೇಕು."

"ಓಲೆ ಮರಿ ಹಾಕೈತೆ ಬುಡಿ" ಎಂದು ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡಿಸುವುದನ್ನು ಮುಂದುವರಿಸಿದಳು. ನಾನು ಬದುಕಿದೆ ಎಂದು ಉಸಿರುಬಿಟ್ಟೆ. ಮೋಸ ಹೋಗುವವರು ಎಷ್ಟು ಸುಲಭವಾಗಿ ಮೋಸ ಹೋಗುತ್ತಾರೆ ಎನ್ನುವ ಜಂಬವೂ ಸ್ವಲ್ಪ ಬಂತು.

ಚಿಕಿತ್ಸೆ ಪೂರ್ತಿಯಾಯಿತು. ಒಂದು ಸಲವನ್ನೂ ಅವಳು ತಪ್ಪಿಸಲಿಲ್ಲ. ಆದರೆ ಕಾಯಿಲೆಗೆ ಅದು ಗೊತ್ತಿರಲಿಲ್ಲವೋ ಏನೋ, ಅದು ತನ್ನ ಪಾಡಿಗೆ ತಾನು ಮುಂದುವರಿದಿತ್ತು. ಡಾಕ್ಟರು ಹೊಸ ಸ್ಕ್ಯಾನ್ ನೋಡಿ, ಇನ್ನು ಅಷ್ಟು ದೂರ ಓಡಾಡಿಸಬೇಡಿ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ವಾಪಸ್ ಬರುವಾಗ ರೈಲಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಕೂತಿದ್ದಳು. ಹೀರೇಹಳ್ಳಿ ದಾಟಿದ ಮೇಲೆ, "ಇನ್ನೇನು ಓಲೆ ಹಾಕ್ಕೊಳ್ಳೋ ಗ್ವಾಜಿಲ್ಲ ಬುಡಿ" ಎಂದಳು. ಬೇಸರದಿಂದಲ್ಲ, ಕೆಲಸ ಮುಗಿಸಿದವರ ಹಾಗೆ. ನಾನು ಸ್ವೆಟರಿನ ಜೇಬಿನಲ್ಲಿದ್ದ ತಿರುಪನ್ನು ಹಿಡಿದುಕೊಂಡು ಕೂತೆ. ಆವತ್ತು ಹಾಕಿಕೊಂಡ ಓಲೆಯನ್ನು ಅವಳು ಮನೆಗೆ ಬಂದ ಮೇಲೂ ತೆಗೆಯಲಿಲ್ಲ. ಕೆಲವೇ ವಾರಗಳಲ್ಲಿ, 'ಸ್ವಲ್ಪ ನೀರು' ಎಂದು ಕೇಳಿ, ನಾನು ತರುವಷ್ಟರಲ್ಲಿ ಹೋಗಿಬಿಟ್ಟಳು.

ಮಗಳು ಬಂದಳು, ಜನ ಬಂದರು. ಅವಳನ್ನು ನಡುಮನೆಯಲ್ಲಿ ಕೂರಿಸಿ ಸೀರೆಯುಡಿಸಿದರು. ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎಂದು ಯಾರೋ ಹೇಳಿದರು. ಹುಲಿಯೂರುದುರ್ಗದಿಂದ ಬಂದ ಅವಳ ತಂಗಿ ಶೈಲ ಅಕ್ಕನ ಹಣೆಗಿಡಲು ದೇವರ ಗೂಡಿನಿಂದ ಕುಂಕುಮದ ಭರಣಿ ತಂದು, ಬೆರಳು ಹಾಕಿ, ಹಾಗೇ ನಿಂತಳು.

"ಭಾವ, ಇದ್ರೊಳಗೆ ಏನೋ ಇದಾವೆ."

ಅಂಗೈಗೆ ಸುರಿದಳು. ಕುಂಕುಮ ಮೆತ್ತಿ ಕೆಂಪಾದ ತಿರುಪುಗಳು. ಅವುಗಳ ನಡುವೆ ಒಂದು ಹುಣಸೆ ಬೀಜ.

ಶೈಲ ಅಕ್ಕನ ಓಲೆ ಬಿಚ್ಚಲು ಕಿವಿಯ ಹಿಂದೆ ಕೈಹಾಕಿದವಳು, "ಅಯ್ಯೋ, ತಿರುಪೇ ಇಲ್ಲ ಭಾವ, ಇದೇನೋ ಹಾಕ್ಕಂಡವ್ಳೆ" ಎಂದಳು. ಡ್ರಿಪ್ ಹಾಕುವ ಸಣ್ಣ ಪ್ಲಾಸ್ಟಿಕ್ ಟ್ಯೂಬಿನ ತುಂಡು. ಎರಡೂ ಓಲೆಯ ಕಡ್ಡಿಗೆ ಒಂದೊಂದು. ತಿರುಗಿಸಬೇಕಾಗಿಲ್ಲ, ಬೆರಳಿಗೆ ತಿಳಿಯಬೇಕಾಗಿಲ್ಲ, ಅಂಗೈಯಿಂದ ಒತ್ತಿದರೆ ಸಾಕು. ಆಸ್ಪತ್ರೆಯಲ್ಲಿ ಯಾವ ನರ್ಸಮ್ಮನನ್ನು ಕೇಳಿ ಕತ್ತರಿಸಿಕೊಂಡಿದ್ದಳೋ.

ಒಂದು ತಿರುಪು ಒರೆಸಿ ಓಲೆಯ ಕಡ್ಡಿಗೆ ಹಚ್ಚಿ ತಿರುಗಿಸಿದೆ. ಕಚ್ಚಲಿಲ್ಲ. ಇನ್ನೊಂದು, ಮತ್ತೊಂದು. ಥ್ರೆಡ್ಡೇ ಬೇರೆ. ಕೂತವು ಎರಡು ಮಾತ್ರ, ಅವು ಅವಳವೇ. ಯಾವಾಗಲೋ ಬಿದ್ದು ನಾನು ಹುಡುಕದೆ ಬಿಟ್ಟವನ್ನು ಅವಳು ಗುಡಿಸುವಾಗ ಹೆಕ್ಕಿಟ್ಟಿದ್ದಳು. ನಾನು ಬರಿಸಿದ ಒಂದೇ ಒಂದು ತಿರುಪೂ ಅವಳ ಓಲೆಗೆ ಯಾವತ್ತೂ ಕೂತಿರಲಿಲ್ಲ.

ಮೊದಲ ದಿನವೇ ಅವಳಿಗೆ ಎಲ್ಲವೂ ಗೊತ್ತಾಗಿತ್ತು. ತಿರುಪು ಕೂರಲಿಲ್ಲ, ಇದು ತನ್ನದಲ್ಲ, ಬೆರಳು ಕೈಬಿಟ್ಟಿವೆ, ಮಾತಿನ ಪ್ರಕಾರ ಇನ್ನು ಆಸ್ಪತ್ರೆಗೆ ಹೋಗಬೇಕಾಗಿಲ್ಲ. ಅಂದಿನಿಂದ ಪ್ರತಿ ಸಲ ನಾನು ಕೊಟ್ಟ ತಿರುಪನ್ನು ಅಂಗೈಯಲ್ಲಿ ಅಡಗಿಸಿ, ಆ ಕೈಗೆ ಓಲೆ ಸರಿಮಾಡುವ ಕೆಲಸ ಕೊಟ್ಟು, ನನ್ನ ಕಣ್ಣನ್ನು ಗ್ಯಾಸಿನ ಕಡೆಗೋ ಬಾಗಿಲ ಕಡೆಗೋ ಕಳಿಸಿದ್ದಳು. ಮೊದಲ ಸಲ ಓಲೆ ಬರೀ ಕಡ್ಡಿಯ ಮೇಲೆ ನಿಂತಿತ್ತೋ ಏನೋ; ಟ್ಯೂಬಿನ ತುಂಡು ಸಿಕ್ಕ ಮೇಲೂ ನನ್ನ ಆಟ ನಡೆಯಲೆಂದೇ ತಿರುಪು ಬೀಳಿಸುತ್ತಿದ್ದಿರಬೇಕು. ಕೆಂಪಣ್ಣ ಮಾವ ಇದ್ದಿದ್ದರೆ ಅವಳ ಬೆನ್ನು ತಟ್ಟುತ್ತಿದ್ದ. ಅವಳು ಆ ಸುಡುವ ಔಷಧಿಯನ್ನು ಅಷ್ಟು ಸಲ ಮೈಗೇರಿಸಿಕೊಂಡದ್ದು ಗುಣವಾಗುವ ಆಸೆಗಲ್ಲ. ಈ ಮೊರದ ಕೈಯವನು ಕನ್ನಡಿಯ ಮುಂದೆ ಅಷ್ಟು ಕಷ್ಟಪಟ್ಟು ಕಲಿತದ್ದು ಸುಳ್ಳಾಗಬಾರದೆಂದು. ಮದುವೆಯ ಉಂಗುರ ಎಲ್ಲಿಂದ ಬಂತೆಂಬುದೂ ಅವಳಿಗೆ ಗೊತ್ತಿತ್ತೋ ಏನೋ. ಕೇಳಲು ಈಗ ದಾರಿಯಿಲ್ಲ.

ಶೈಲ ಓಲೆಗಳನ್ನು ನಮ್ಮ ಮಗಳಿಗೆಂದು ಕರವಸ್ತ್ರದಲ್ಲಿ ಕಟ್ಟಿಟ್ಟಳು. ಎತ್ತುವ ಹೊತ್ತಾಯಿತೆಂದು ಯಾರೋ ಕೂಗಿದರು. ನಾನು ಮಂಜುಳೆಯ ಪಕ್ಕ ಕೂತು ಅವಳ ಕೈ ಹಿಡಿದುಕೊಂಡು ಬಾಗಿಲ ಕಡೆ ನೋಡಿದೆ. ಸುತ್ತ ಇದ್ದವರೆಲ್ಲ ಯಾರು ಬಂದರೆಂದು ಬಾಗಿಲ ಕಡೆಗೇ ತಿರುಗಿದರು. ಕೂರದ ತಿರುಪುಗಳಲ್ಲಿ ಒಂದನ್ನು ನನ್ನ ಅಂಗೈಯಿಂದ ಅವಳ ಅಂಗೈಗೆ ಜಾರಿಸಿದೆ. ಯಾರೂ ನೋಡಲಿಲ್ಲ.

ಅವತ್ತು ಬಿಂದಿಗೆಯೊಳಗೆ ಅವಳ ಬೆರಳುಗಳು ತಾವಾಗಿಯೇ ತಟ್ಟನೆ ಮಡಚಿಕೊಂಡಿದ್ದವು. ಈ ಸಲ ಒಂದೊಂದಾಗಿ ನಾನೇ ಮಡಚಬೇಕಾಯಿತು.